ಅಚ್ಚು

ಹಲ್ಲಿನ ಸೆಟ್ಟು ಮಾಡುವುದು ನನ್ನ ಕಸುಬು.
ಮಣಿಪಾಲದ ಲ್ಯಾಬಿನಲ್ಲಿ ವಾರಕ್ಕಾರು ದಿನ
ಊರವರ ದವಡೆಗಳು ನನ್ನ ಮೇಜಿನ ಮೇಲೆ
ಪ್ಲಾಸ್ಟರಿನಲ್ಲಿ ಬಾಯ್ತೆರೆದು ಕೂತಿರುತ್ತವೆ.
ಏಳನೆಯ ದಿನ ನಾನು ಯಾರ ಬಾಯನ್ನೂ ನೋಡುವುದಿಲ್ಲ.

ಸೈಕಲ್ಲು ಸೆಕೆಂಡ್‌ಹ್ಯಾಂಡ್. ಓದು ಮುಗಿಸಿ ಹೊರಟ ಹುಡುಗನೊಬ್ಬ
ಇಪ್ಪತ್ತೊಂದು ಗೇರು, ಒಂದು ಹೆಲ್ಮೆಟ್ಟು, ಅರ್ಧ ಡಬ್ಬಿ ಗ್ರೀಸು
ಎಲ್ಲ ಸೇರಿಸಿ ಒಂದೇ ರೇಟಿಗೆ ಕೊಟ್ಟು ಹೋದ.
ಚೈನಿನ ಚಕ್ರದಲ್ಲಿ ಎರಡು ಹಲ್ಲು ಸವೆದಿವೆ:
ನನಗೆ ಗೊತ್ತಾಗುವ ರೋಗ, ನನ್ನಿಂದಾಗದ ಚಿಕಿತ್ಸೆ.

ಪೆರಂಪಳ್ಳಿಯ ಇಳಿಜಾರಿನಲ್ಲಿ ಮುರಕಲ್ಲ ಹಾಸು
ಹ್ಯಾಂಡಲ್ಲಿನಿಂದ ಮೊಣಕೈಗೆ, ಮೊಣಕೈಯಿಂದ ದವಡೆಗೆ ಹತ್ತಿ
ನನ್ನ ಸ್ವಂತ ಹಲ್ಲುಗಳನ್ನು ಎಣಿಸಿ ಹೋಗುತ್ತದೆ.
ಬ್ರೇಕು ಹಿಡಿದರೆ ಜಾರುತ್ತದೆ, ಬಿಟ್ಟರೆ ಹಾರುತ್ತದೆ;
ನಡುವೆ ಎಲ್ಲೋ ಎರಡು ಬೆರಳಿನಷ್ಟು ಬುದ್ಧಿ.

ಕೆಳಗೆ ಸ್ವರ್ಣೆ. ಹೆಸರಿಗೆ ಚಿನ್ನ,
ಬೆಳಗಿನ ಏಳಕ್ಕೆ ಆರಿದ ಚಹಾದ ಬಣ್ಣ.
ಮರುವಾಯಿ ಹೆಕ್ಕುವವರು ಕುತ್ತಿಗೆಮಟ್ಟ ನೀರಲ್ಲಿ ನಿಂತು
ಕಾಲಿನಿಂದ ತಡಕುತ್ತಿದ್ದರು.
ನಾನೂ ಕಾಲಿನಿಂದಲೇ ಹುಡುಕಲು ಹೊರಟವನು.
ಏನನ್ನು ಎಂದು ಅವರಿಗಾದರೂ ಗೊತ್ತಿತ್ತು.

ಕೊಳಲಗಿರಿ ದಾಟಿದರೆ ಗದ್ದೆ; ಟೈರಿನಷ್ಟೇ ಅಗಲದ ಕಟ್ಟಪುಣಿ.
ಈಚೆ ದಡದಲ್ಲಿ ‘ಓಡೆ ಪೋಪುನಿ?’ ಎಂದು ಕೇಳಿದ ಸೀಮೆ
ಸೀತೆಯ ಸೇತುವೆ ದಾಟುತ್ತಲೇ
‘ಎಲ್ಲಿಗ್ ಹ್ವಾಪ್ದ್?’ ಅಂದಿತು.
ಮಾತು ಗೇರು ಬದಲಿಸಿತ್ತು, ಕಟಕ್ ಎನ್ನದೆ.
ನನ್ನ ಸೈಕಲ್ಲಿಗೆ ಆ ವಿದ್ಯೆ ಇಲ್ಲ.

ಬಾರ್ಕೂರು. ಒಂದಾನೊಂದು ಕಾಲದ ರಾಜಧಾನಿ.
ಕೋಟೆಯೊಳಗೆ ಹುಲ್ಲು, ಹುಲ್ಲಿಗೆ ಎರಡು ಕರು,
ಕಲ್ಲುಕಂಬಗಳಿಗೆ ಬೇಲಿ, ಬೇಲಿಗೆ ನೀಲಿ ಫಲಕ.
ಫಲಕ ಓದುತ್ತಾ ತುಳಿದವನಿಗೆ ಮುಳ್ಳು ಕಾಣಲಿಲ್ಲ.
ಹಿಂದಿನ ಚಕ್ರ ನಿಟ್ಟುಸಿರಿಟ್ಟು ಕೂತಿತು.

ಕೆರೆಯ ಮೆಟ್ಟಿಲಲ್ಲಿ ಚಿಕ್ಕು ಪೂಜಾರ್ತಿ
ಬೆಡ್‌ಶೀಟು ಬಡಿಯುತ್ತಿದ್ದರು.
ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ
ಅಚ್ಚಿನ ನಟ್ಟು ಬಿಚ್ಚಿ, ಟ್ಯೂಬು ಎಳೆದು ನೀರಿಗಿಳಿಸಿದೆ.
ತೂತು ಎಷ್ಟು ಸಣ್ಣದೆಂದರೆ ಗುಳ್ಳೆಗೂ ನಾಚಿಕೆ.
‘ಹಾಂಗಲ್ದಾ ಮರಾಯ್ರೆ’ ಎಂದು
ಸಾಬೂನಿನ ನೊರೆ ಬಳಿದು, ಬಟ್ಟೆಕಲ್ಲಿನ ಮೇಲೆ
ಟ್ಯೂಬನ್ನು ತಾವೇ ಹೊರಳಿಸಿದರು.
ಒಂದು ಕಡೆ ನೊರೆ ಕಪ್ಪೆಯ ಗಂಟಲಿನಂತೆ ಉಬ್ಬಿತು.
‘ಕಾಣಿ.’

ನಾನು ಕಂಡದ್ದು ಅದನ್ನಲ್ಲ.
ಜಾರಿದ ನೊರೆ ಕಲ್ಲಿನ ತಗ್ಗುಗಳಲ್ಲಿ ನಿಂತು
ಕಪ್ಪಿನ ಮೇಲೆ ಬಿಳಿಯಾಗಿ
ಒಂದು ಸೂರ್ಯ, ಒಂದು ಚಂದ್ರ,
ಕೆಳಗೆ ಎರಡೂವರೆ ಸಾಲು ಅಕ್ಷರ.
ಅಚ್ಚು ತೆಗೆಯುವುದೆಂದರೆ ಇಷ್ಟೇ:
ಇಲ್ಲದ್ದರ ಒಳಕ್ಕೆ ಮೆತ್ತಗಿನದೊಂದನ್ನು ಸುರಿದು ಕಾಯುವುದು.
ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದೇನೆ,
ಕಲ್ಲಿಗೂ ಬಾಯಿದೆ ಎಂದು ಹೊಳೆದಿರಲಿಲ್ಲ.

ಮೊಣಕಾಲೂರಿದೆ. ಹಳೆಯ ಲಿಪಿ.
ಒಂದು ಮ ಇರಬೇಕು, ಪಕ್ಕದ್ದು ಡ.
ಅಕ್ಕಿ ಮೂಡೆಯೋ, ಮಾಡವೋ, ಮಡದಿಯೋ.
ಕೊಟ್ಟವರು ಯಾರೋ, ಕೊಡದೆ ಉಳಿಸಿಕೊಂಡವರು ಯಾರೋ.
‘ಎಂತ ಬರ್ದಿತ್?’
‘ಗೊತ್ತಾಗುವುದಿಲ್ಲ.’
‘ನಂಗೂ’ ಎಂದು ನಕ್ಕರು. ಮುಂದಿನ ಮೂರು ಹಲ್ಲು ಇಲ್ಲ.
ರಜೆಯ ದಿನವೂ ಕಸುಬು ಸುಮ್ಮನಿರಲಿಲ್ಲ:
ಕಟ್ಟಿಸಬಾರದೇ, ಎಂದೆ.
‘ಕಟ್ಸ್ಕಂಡ್ರೆ ಎಲೆ ಅಡಕಿ ತಿಂಬುಕ್ ಆತ್ತಾ?’
ಆಗಬಹುದು, ಎಂದೆ.
‘ಇಲ್ದಿರೂ ತಿಂತೆ.’

ನೊರೆ ಒಡೆಯಿತು. ಮೊದಲು ಸೂರ್ಯ,
ಸ್ವಲ್ಪ ತಡೆದು ಚಂದ್ರ.
ಉಳಿದದ್ದರ ಮೇಲೆ ಅವರು ತಲೆದಿಂಬಿನ ಕವರು ಹಾಸಿದರು.

ತೇಪೆ ಹಚ್ಚಿ, ತೊಂಬತ್ತು ಸಲ ಪಂಪು ಹೊಡೆದು,
ಎರಡೂ ನದಿ ಮತ್ತೆ ದಾಟಿದೆ.
ಬೆಳಿಗ್ಗೆ ಇಳಿದದ್ದೆಲ್ಲ ಮಧ್ಯಾಹ್ನ ಏರು.
ಎಲ್ಲಕ್ಕಿಂತ ಸಣ್ಣ ಗೇರಿನಲ್ಲಿ, ಏದುತ್ತಾ,
ಬಲಗಾಲಿಗೆ ಮ,
ಎಡಗಾಲಿಗೆ ಡ.