ಪೂ, ಪೂನೈ

ಹೊಸೂರಿನಾಚೆ, ಬಾಗಲೂರು ರಸ್ತೆಯ ಹೂವಿನ ಶೆಡ್ಡಿನಲ್ಲಿ
ಕತ್ತು ಮುರಿದ ಲಿಲ್ಲಿ ಲೆಕ್ಕಕ್ಕಿಲ್ಲ.
ಸೆರಗಲ್ಲಿ ಸುತ್ತಿ ತಂದೆ,
ಹಾರ್ಲಿಕ್ಸ್ ಬಾಟಲಿಗೆ ನೀರು ತುಂಬಿ ಟಿವಿ ಪಕ್ಕ ನಿಲ್ಲಿಸಿದೆ.
ಎರಡು ದಿನ ನಮ್ಮ ಶೀಟಿನ ಮನೆಯಲ್ಲಿ
ಮದುವೆ ಛತ್ರದ ವಾಸನೆ.

ಕೆಂಚಿ ಅದರಡಿಯೇ ಮಲಗುತ್ತಿತ್ತು.
ಬೆನ್ನಿಗೆ ಉದುರಿದ ಇಟ್ಟಿಗೆ ಬಣ್ಣದ ಪುಡಿ
ನೆಕ್ಕಿ ನೆಕ್ಕಿ ಚೊಕ್ಕ ಮಾಡಿಕೊಂಡಿತು,
ಕೊಳೆ ಸೇರದ ಜಾತಿ.
ಮೂರನೇ ದಿನ ನೀರಿನ ತಟ್ಟೆಯ ಮುಂದೆ ಕೂತಿತ್ತು,
ಕುಡಿಯದೆ.

ಚೀಟಿಯಲ್ಲಿ ‘ಪೂನೈ’ ಎಂದು ಬರೆದ ಡಾಕ್ಟರು
ತಲೆಯೆತ್ತದೆ ಕೇಳಿದರು, ‘ವೀಟ್ಲ ಪೂ?’
ದಿನಾ ಪೂ ಕತ್ತರಿಸುವ ಕೈ ನನ್ನದು,
ಆದರೂ ಆ ಹೊತ್ತು ಅದು
ಬೆಕ್ಕಿನ ಅರ್ಧ ಹೆಸರಾಗಿ ಕೇಳಿಸಿತು.
‘ಹೂಂ ಸಾರ್, ಪೂನೈ,’ ಅಂದೆ.
ಪೂ, ಎಂದರು ಮತ್ತೆ, ಬೆರಳು ಮೂಗಿಗಿಟ್ಟು ಮೂಸಿದಂತೆ ಮಾಡಿ.
ಲಿಲ್ಲಿ, ಅಂದೆ.
ಅವರು ಪೆನ್ನಿಗೆ ಕ್ಯಾಪು ಹಾಕಿದರು.

ಇವತ್ತು ಹೋಟೆಲಿನ ಆರ್ಡರು.
ಗಿರಾಕಿಗಳ ಬಟ್ಟೆಗೆ ಕಲೆಯಾಗದಿರಲೆಂದು
ಒಂದೊಂದು ಹೂವಿನ ಬಾಯಿಂದಲೂ ಪುಡಿಯ ಕಡ್ಡಿ ಚಿವುಟುವುದು.
ಮನೆಯದಕ್ಕೆ ಚಿವುಟಿರಲಿಲ್ಲ,
ಚೆಂದ ಕಾಣಲಿ ಅಂತ.

ಸಂಜೆ ಬೋರ್‌ವೆಲ್ ನಲ್ಲಿಯಡಿ
ಉಗುರಿನ ಸಂದಿಯನ್ನೂ ಬಿಡದೆ ತೊಳೆದೆ.
‘ಇಷ್ಟು ಯಾಕೆ ಉಜ್ತೀಯೆ?’ ಕೇಳಿದಳು ಚಿನ್ನಕ್ಕ.
ಮನೇಲಿ ಬೆಕ್ಕಿದೆ, ಅಂದುಬಿಟ್ಟೆ.