ಕೈ ಮಾಡುವ ಕೋನ

ಮುಟ್ಟಬೇಡಿ ಇನ್ನೂ.
ಮೊದಲು ನೋಡಿ, ಆಕೆ ಒಳಗೆ ಬಂದದ್ದು ಹೇಗೆ,
ಕೊಡೆಯನ್ನು ಯಾವ ಕೈಯಿಂದ ಯಾವ ಕೈಗೆ ದಾಟಿಸಿದಳು,
ಸ್ಟೂಲು ಎಳೆದುಕೊಳ್ಳುವಾಗ ಯಾವ ಭುಜ ಕಿವಿಯತ್ತ ಸರಿಯಿತು.
ಅರ್ಧ ಪರೀಕ್ಷೆ ಬಾಗಿಲಲ್ಲೇ ಮುಗಿದಿರುತ್ತದೆ,
ನೀವಿನ್ನೂ ಪೆನ್ನು ಹುಡುಕುತ್ತಿರುತ್ತೀರಿ.

ಹೆಸರು ಶೇವಂತಿ ತಾಂಡೇಲ. ಊರು ಮಾಜಾಳಿ. ವಯಸ್ಸು
ಐವತ್ತೆರಡೋ ನಾಲ್ಕೋ, ಆಕೆಗೇ ಲೆಕ್ಕವಿಲ್ಲ;
ಬಂಗಡೆ ಬುಟ್ಟಿ ಹೊತ್ತ ವರ್ಷ ಕೇಳಿದರೆ ಮಾತ್ರ
ತಟ್ಟನೆ, ಮೂವತ್ತೊಂದು.

ಗದಗಿನ ವೀರಭದ್ರ ಅಂಗೈ ಉಜ್ಜಿ ಬಿಸಿಮಾಡಿಕೊಳ್ಳುತ್ತಾನೆ.
'ನೋವು ಐತೇನ್ರೀ ಇಲ್ಲಿ?'
ಆಕೆ ಕೊಂಕಣಿಯಲ್ಲಿ ಏನೋ ಉದ್ದಕ್ಕೆ ಹೇಳುತ್ತಾಳೆ.
ಭಟ್ಕಳದ ಫರ್ಹೀನಳ ನವಾಯತಿ
ಅರ್ಧ ದಾರಿಗೆ ಹೋಗಿ ಅದನ್ನು ಎದುರುಗೊಳ್ಳುತ್ತದೆ.
ಉಳಿದರ್ಧಕ್ಕೆ ಬೆರಳಿದೆ.

ಮೂಳೆಯ ಅಂಚು ಸಿಕ್ಕಿತೇ? ಅದೇ ಹೆಗಲ ಹಲಗೆಯ ಏಣು.
ಅದರ ಗುಂಟ ಹೊರಗೆ ಬಾ, ಮಾಡಿನ ತುದಿ ಸಿಗುತ್ತದೆ.
ಒತ್ತಬೇಡ ಮಾರಾಯಾ, ಚಪಾತಿ ಹಿಟ್ಟಲ್ಲ ಅದು.
ಮಾಡಿನ ಅಡಿಯಲ್ಲಿ ನುಸುಳಿ ಹೋಗುವ ಒಂದು ಹುರಿ,
ಮೂವತ್ತೊಂದು ವರ್ಷ ಉಜ್ಜಿಸಿಕೊಂಡದ್ದು.
ದಡದಲ್ಲಿ ಕಟ್ಟಿದ ದೋಣಿಯ ಹಗ್ಗ ನೋಡಿದ್ದೀಯಲ್ಲ,
ಎಲ್ಲಿ ಕಲ್ಲು ತಾಗುತ್ತದೋ ಅಲ್ಲೇ ಎಳೆ ಬಿಡುತ್ತದೆ.

ಈಗ ಬದಿಯಿಂದ ಕೈ ಎತ್ತಲಿ.
(ಕೈ ಎತ್ತಿದರು ಎಂದರೆ ಸೋತರು ಎನ್ನುತ್ತದೆ ಲೋಕ,
ಈ ಕೋಣೆಯಲ್ಲಿ ಅದು ಉಲ್ಟಾ.)
ಅರವತ್ತರ ತನಕ ಸುಮ್ಮನಿದ್ದ ಮುಖ
ಎಪ್ಪತ್ತಕ್ಕೆ ಹುಬ್ಬು ಗಂಟಿಕ್ಕಿತು, ತೊಂಬತ್ತಕ್ಕೆ ಉಸಿರು ಹಿಡಿಯಿತು,
ನೂರಾ ಇಪ್ಪತ್ತು ದಾಟಿದ್ದೇ, ಅರೆ, ನಕ್ಕಳು.
ಕಾಳಿಯ ಅಳಿವೆ ಇದು, ತಿಳಿಯಿತೇ?
ಒಳಗೆ ಹೊಳೆ ಶಾಂತ, ಹೊರಗೆ ಕಡಲು ಶಾಂತ,
ದೋಣಿ ಕುಲುಕುವುದೆಲ್ಲ ನಡುವಿನ ಆ ಬಾಯಲ್ಲಿ.
ಬರೆದುಕೊಳ್ಳಿ. ಅಳಿವೆ ಅಂತಲ್ಲ,
ಪರೀಕ್ಷಕರಿಗೆ ಬೇಕಾದ ಹೆಸರು ಬರೆಯಿರಿ.

ಕತ್ತನ್ನು ಮರೆಯಬೇಡಿ. ಬುಟ್ಟಿಯ ಭಾರ ಇಳಿದದ್ದು ಅಲ್ಲಿಗೆ.
ದೂರು ಕೊಡುವುದು ಹೆಗಲು, ಕೆಲವೊಮ್ಮೆ
ತಪ್ಪು ಮಾಡಿದ್ದು ಕತ್ತು.
ನನ್ನ ಬಲ ಹೆಬ್ಬೆರಳ ಬುಡವೂ ದೂರು ಕೊಡುತ್ತದೆ,
ಇಪ್ಪತ್ತು ವರ್ಷ ಪರರ ಬೆನ್ನು ಒತ್ತಿದ ಬೆರಳು.
ಪಾಠದಲ್ಲಿ ಅದಿಲ್ಲ. ಬಾಗಿಲ ಬೋಲ್ಟು ಎಡಗೈಯಲ್ಲೇ ಎಳೆಯುತ್ತೇನೆ;
ಮೊದಲು ನೋಡಿ, ನೋಡಿ ಎಂದು ದಿನಾ ಹೇಳುವ ನನ್ನನ್ನು
ಯಾರೂ ನೋಡಿದಂತಿಲ್ಲ.

ಮದ್ದು ಸರಳ. ಮೇಜಿಗೆ ಎಡಗೈ ಊರಿ ಬಗ್ಗಿ
ಬಲಗೈ ಇಳಿಬಿಡುವುದು, ತಕ್ಕಡಿಯ ಅರ್ಧ ಕಿಲೋ ಬಟ್ಟು ಹಿಡಿದು.
ಬೈತಖೋಲ ಧಕ್ಕೆಯಲ್ಲಿ ಟ್ರಾಲರಿನ ಮೈಗೆ ನೇತುಬಿದ್ದ ಟೈರು
ತಾನಾಗಿ ತೂಗುವುದಿಲ್ಲವೇ, ಹಾಗೆ.
ಆಮೇಲೆ ಗೋಡೆ. ಬೆರಳು ಏಡಿಯಾಗಿ ಹತ್ತಲಿ,
ನಿನ್ನೆಯ ಗೆರೆಗಿಂತ ಒಂದಂಗುಲ ಮೇಲೆ, ಅಷ್ಟೇ.
ಆಕೆ ತಿದ್ದಿದಳು: ಕುರ್ಲಿ ಅಡ್ಡ ನಡೆಯೂದು, ಡಾಕ್ಟರೇ,
ಮೇಲೆ ಅಲ್ಲ.

ಕೊನೆಯ ಖಾನೆ, ಗುರಿ.
ತಲೆ ಬಾಚುವುದು ಎಂದು ವೀರಭದ್ರ ಆಗಲೇ ಬರೆದಿದ್ದ.
ಫರ್ಹೀನ್ ಕೇಳಿದಳು. ತಲೆ ಸೊಸೆ ಬಾಚುತ್ತಾಳಂತೆ,
ಬುಟ್ಟಿ ಎತ್ತಿಕೊಡಲು ಪೇಟೆಯಲ್ಲಿ ಜನವಿದ್ದಾರಂತೆ,
ಬೇಕಾದದ್ದು ಬೆಳಗಿನ ಐದೂವರೆಯ ಟೆಂಪೋಗೆ ಕೈ ಮಾಡುವುದು.
ಎಡಗೈ ಬುಟ್ಟಿಯ ಮೇಲೆ. ಬಲಗೈ ಸೊಂಟದ ಮಟ್ಟದಲ್ಲೇ ಆಡಿದರೆ
ಕತ್ತಲಲ್ಲಿ ಡ್ರೈವರಿಗೆ ಕಾಣುವುದಿಲ್ಲ.
ಈ ವಾರ ಮೂರು ದಿನ ತಪ್ಪಿತು.

ಟೆಂಪೋಗೆ ಎಷ್ಟು ಡಿಗ್ರಿ?
ನನ್ನ ಯಾವ ಪುಸ್ತಕದಲ್ಲೂ ಇಲ್ಲ.

ಸಂಜೆ ಕೋಡಿಬಾಗದ ತಿರುವಿನಲ್ಲಿ ಸ್ಕೂಟರು ನಿಧಾನಿಸಿದೆ.
ಬಿಳಿ ಕೋಟು ಕಳಚದೆಯೇ ಇಬ್ಬರು:
ವೀರಭದ್ರ ರಸ್ತೆಗೆ ಕೈ ಮಾಡಿ ಕಂಬದಂತೆ ನಿಂತಿದ್ದಾನೆ,
ಫರ್ಹೀನ್ ಅವನ ಭುಜಕ್ಕೆ ಕೋನಮಾಪಕ ಹಿಡಿದು
ಕಣ್ಣು ಕಿರಿದು ಮಾಡಿ ಓದುತ್ತಿದ್ದಾಳೆ.
ಒಂದು ಟೆಂಪೋ ನಿಂತೇ ಬಿಟ್ಟಿತು.
ಹತ್ತುತ್ತೀರೋ ಇಲ್ಲವೋ, ಕೂಗಿದ ಡ್ರೈವರು.
ನೂರಾ ಐದು, ಎಂದಳು ಅವಳು.