ಎದುರು ಸವಾಲಿಲ್ಲ

ಪೆನ್ನು ಒಳಗೆ ಬಿಡುವುದಿಲ್ಲ ಇಲ್ಲಿ, ಪೆನ್ಸಿಲ್ ಮಾತ್ರ.
ಕಿವಿಗೆ ಮೂರು ರಿಂಗು ಹಾಕಿಕೊಂಡ ಹುಡುಗ
ದಿಂಬಿನ ಮೇಲೆ ಪುಸ್ತಕವನ್ನು ಮಲಗಿಸಿ ಹೋದ,
ಜ್ವರ ಬಂದ ಕೂಸಿನ ಹಾಗೆ.
ಅಕ್ಷರ ಕೆಟ್ಟದಾಗಿದೆ ಮೇಡಂ, ಓದಲಾದೀತೇ ಎಂದ.
ಮೂವತ್ತೊಂದು ವರ್ಷ
ಅಬರ್ಡೀನಿನ ಆಚೆ ಟಪಾಲು ಹಂಚಿದವಳು ನಾನು;
ಮಳೆಗೆ ಕರಗಿದ ವಿಳಾಸ, ಕುಡುಕರು ಬರೆದ ಕ್ರಿಸ್ಮಸ್ ಕಾರ್ಡು
ಎಲ್ಲವನ್ನೂ ಅದರದರ ಬಾಗಿಲಿಗೆ ಮುಟ್ಟಿಸಿದ್ದೇನೆ.
ಈ ಗುಮಾಸ್ತ ಯಾವ ಲೆಕ್ಕ.

ಬಂದದ್ದು ಒಬ್ಬನಿಗಾಗಿ: ಪ್ಯಾಟ್ರಿಕ್ ಜೆಸ್ಸಿಮನ್,
ಕಾರ್ಬಿನೋ ಜಮೀನಿನ ಒಕ್ಕಲು.
ಎರಡನೇ ಗ್ಲಾಸಿಗೆ ತಾತ ಅವನ ಹೆಸರೆತ್ತುತ್ತಿದ್ದ:
ಲೈಪರ್ ಅಂತ ಕರೆಸಿಕೊಂಡರೇನು,
ನಮ್ಮ ರಕ್ತ ಜೆಸ್ಸಿಮನ್ನನದು.
ಅದು ಹೇಗೆ ಎಂದು ಕೇಳಿದರೆ
ಬೆಂಕಿ ಕೆದಕಲು ಏಳುತ್ತಿದ್ದ.

ಸಿಕ್ಕ. ಗೇಣಿ ಪುಸ್ತಕದಲ್ಲಿ, ಹತ್ತೊಂಬತ್ತು ವರ್ಷದ ಕರಾರು.
ವರ್ಷಕ್ಕೆ ನಲವತ್ತೆರಡು ಪೌಂಡು, ಆರು ಕೋಳಿ,
ಒಡೆಯನ ಒಲೆಗೆ ನಾಲ್ಕು ದಿನ ಪೀಟ್ ಹೇರಲು ಗಾಡಿ.
ಬಂದಾಗ ಅರ್ಧ ನೆಲ ಬರೀ ಜವುಗು, ಹೆದರ್ ಪೊದೆ, ಕಲ್ಲು.
ಕಲ್ಲೆತ್ತಿ ಗೋಡೆ ಕಟ್ಟಿದ,
ಕಾಲುವೆ ತೋಡಿ ನೀರು ಬಸಿದ,
ಓಟ್ಸ್ ಬೆಳೆದ, ಟರ್ನಿಪ್ ಬೆಳೆದ.
ಹತ್ತೊಂಬತ್ತು ತುಂಬಿದ್ದೇ ಒಡೆಯನ ಕಡೆಯವ ಬಂದು
ನೆಲ ಸುಧಾರಿಸಿದೆ, ಗೇಣಿಯೂ ಸುಧಾರಿಸಲಿ ಎಂದ.
ಎಪ್ಪತ್ತು ಪೌಂಡು.
ಅಷ್ಟು ಗೇಣಿ ಕೊಟ್ಟರೂ ಗೇಣು ನೆಲ ನಮ್ಮದಲ್ಲ
ಎಂದನೋ ಇಲ್ಲವೋ ಜೆಸ್ಸಿಮನ್;
ಪುಸ್ತಕದಲ್ಲಿರುವುದು ಒಂದೇ ಮಾತು: ಬಿಟ್ಟ.

ಹೆಂಡತಿ ಎಲ್ಸ್‌ಪೆಟ್ ಮೆನ್ನಿ. ಮಕ್ಕಳು ಆರು.
ನನ್ನ ಮುತ್ತಾತ ಗಿಲ್ಬರ್ಟ್ ಅವರಲ್ಲಿಲ್ಲ.
ಮತ್ತೆ ಎಣಿಸಿದೆ, ಪತ್ರದ ಕಟ್ಟು ಎಣಿಸುವ ಹಾಗೆ
ಹೆಬ್ಬೆರಳು ನೆಕ್ಕಿ.
ಹುಡುಗ ಕೆಮ್ಮಿದ. ಒಣ ಬೆರಳು, ಮೇಡಂ.

ಗಿಲ್ಬರ್ಟ್ ಇದ್ದದ್ದು ಚರ್ಚಿನ ಹಿರಿಯರ ದಫ್ತರದಲ್ಲಿ,
ಹೆಸರಿಲ್ಲದೆ, ಹೊಟ್ಟೆಯೊಳಗೆ.
‘ಬಾಥಿಯಾ ಲೈಪರ್, ಕಾರ್ಬಿನೋದಲ್ಲಿ ಹಾಲು ಕರೆಯುವವಳು,
ಬಸುರಿ. ತಂದೆ ಯಾರೆಂದು ಕೇಳಲಾಯಿತು. ಹೇಳಲೊಪ್ಪಳು.’
ಮುಂದಿನ ಭಾನುವಾರ: ಹೇಳಲೊಪ್ಪಳು.
ಅದರ ಮುಂದಿನದು: ಮೇಲಿನಂತೆ.
ಬರೆದೂ ಬರೆದೂ ಪುಣ್ಯಾತ್ಮನಿಗೆ ಬೇಸರ ಬಂದಿರಬೇಕು.

ಆಮೇಲೆ ಹರಾಜು ಪಟ್ಟಿ. ಮೇ ತಿಂಗಳು, ಅವನದೇ ಅಂಗಳ.
ಬೂದು ಹೆಣ್ಣುಗುದುರೆ, ಡುಗಿಡ್, ಹದಿನಾಲ್ಕು ಪೌಂಡು.
ಕೊಂಬಿಲ್ಲದ ಕಪ್ಪು ಹಸು, ಪಕ್ಕದ ಊರಿನ ಎಸಲ್ಮಾಂಟ್.
ನೇಗಿಲು. ಚೀಸ್ ಒತ್ತುವ ಕಲ್ಲು.
ಅಂಚಿನಲ್ಲಿ ಏರಿದ ಸವಾಲಿಗೊಂದು ಗೀಟು: ನಾಲ್ಕು, ಆರು, ಹನ್ನೊಂದು.
ಸಗಣಿ ಬಾಚುವ ಸಲಿಕೆಗೂ ಮೂವರ ಪೈಪೋಟಿ.
ಕೊನೆಯ ಹಾಳೆಯ ತಳದಲ್ಲಿ,
ತೊಟ್ಟಿಲು, ಒಂದು. ಬಾಥಿಯಾ ಲೈಪರ್. ಎರಡು ಪೆನ್ಸ್.
ಎದುರು ಸವಾಲಿಲ್ಲ.

ಅಷ್ಟು ಜನ. ಕಾಸಿಗೆ ಕಾಸು ಎಣಿಸುವ ಜನ.
ಒಂದು ಸಲ, ಎರಡು ಸಲ ಎನ್ನುತ್ತ
ಕೂಗುವವನು ಸುತ್ತ ನೋಡಿರುತ್ತಾನೆ.
ಟೋಪಿ ಸರಿಮಾಡಿಕೊಂಡವರೆಷ್ಟೋ, ತಮ್ಮ ಬೂಟು ನೋಡಿಕೊಂಡವರೆಷ್ಟೋ.
ಜೆಸ್ಸಿಮನ್ ಎಲ್ಲಿ ನಿಂತಿದ್ದ?
ಎಲ್ಸ್‌ಪೆಟ್ ಎಲ್ಲಿ? ಅವಳ ಆರನ್ನೂ ತೂಗಿದ ತೊಟ್ಟಿಲು ಅದು.
ಮೂರು ಪೆನ್ಸ್ ಎಂದಿದ್ದರೆ ಸಾಕಿತ್ತು ಅವಳು.
ಅನ್ನಲಿಲ್ಲ.
ಯಾಕೆಂದು ಪಟ್ಟಿಗೆ ಗೊತ್ತಿಲ್ಲ.

ಮುಚ್ಚುವ ಹೊತ್ತಿಗೆ ಹುಡುಗ ಹಳೆಯ ನಕ್ಷೆ ಹಾಸಿ ಬೆರಳಿಟ್ಟ:
ಇದೇ ಕಾರ್ಬಿನೋ, ಈಗ ಹೆಸರು ಬೇರೆ.
ಹಳ್ಳ ತಿರುಗುವ ಜಾಗ ನೋಡಿದ್ದೇ ಗೊತ್ತಾಯಿತು.
ನನ್ನ ಬೀಟಿನ ಕೊನೆಯ ಮನೆ. ಹಸಿರು ಡಬ್ಬ,
ಕಿರುಗುಟ್ಟುವ ಗೇಟು, ಒಂದೂವರೆ ಕಣ್ಣಿನ ನಾಯಿ.
ಎಂಟು ಚಳಿಗಾಲ ಅದು ನನ್ನನ್ನು ಅಟ್ಟಿಸಿಕೊಂಡು ಬಂದು
ಆ ಕಲ್ಲುಗೋಡೆಯ ಮೇಲೆ ಹತ್ತಿಸಿದೆ,
ಹೆಗಲಲ್ಲಿ ಚೀಲದ ಸಮೇತ.
ಕಾಲಿಟ್ಟ ಒಂದು ಕಲ್ಲೂ
ಅಲುಗಿದ ನೆನಪಿಲ್ಲ.